ಮುಳ್ಳಿನ ಗೇಜು ತೆಗೆದು ಡಿಜಿಟಲ್ ಪರದೆ ಕೂರಿಸುವುದು: ಸ್ವಂತ ಕಟ್ಟಿದ ಪುಟ್ಟ ವಿಮಾನದ ಪ್ಯಾನೆಲ್ ಕೆಲಸ

ಹೊಸ ಪರದೆಯ ಡಬ್ಬಿ ಬಿಚ್ಚುವ ಮೊದಲು ಹಳೆಯ ಗೇಜುಗಳ ಹೇಳಿಕೆ ಬರೆದಿಟ್ಟುಕೊಳ್ಳಿ. ಒಂದು ನೋಟ್‌ಬುಕ್ ಹಿಡಿದು ಒಂದು ಗಂಟೆ ಹಾರಿದರೆ ಸಾಕು. 4000, 5000, 5500 ಆರ್‌ಪಿಎಂಗಳಲ್ಲಿ ಆಯಿಲ್ ಪ್ರೆಷರ್ ಎಷ್ಟು, ಆಯಿಲ್ ಬಿಸಿ ಎಷ್ಟು, ಸಿಲಿಂಡರ್ ಹೆಡ್ ಬಿಸಿ ಎಷ್ಟು, ವೋಲ್ಟೇಜ್ ಎಷ್ಟು. ಆಯಾ ಆರ್‌ಪಿಎಂಗೆ ನೇರ ಹಾರಾಟದ ವೇಗ ಎಷ್ಟು. ಫ್ಲಾಪ್ ಇಳಿಸಿದಾಗ ಮತ್ತು ಇಳಿಸದಿದ್ದಾಗ ಸ್ಟಾಲ್ ಆಗುವ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವ ವೇಗ ಎಷ್ಟು. ಇಷ್ಟನ್ನೂ ದಿನದ ತಾಪಮಾನದ ಜೊತೆ ಗುರುತು ಹಾಕಿ. ಮೂರು ತಿಂಗಳ ನಂತರ ಹೊಸ ಪರದೆ ಆಯಿಲ್ ಪ್ರೆಷರ್ 1.8 ಬಾರ್ ಎಂದು ಕೆಂಪಗಾದಾಗ ಕೆಟ್ಟದ್ದು ಎಂಜಿನ್ನೋ ವೈರಿಂಗೋ ಎಂದು ತೀರ್ಮಾನಿಸಲು ನಿಮ್ಮ ಬಳಿ ಇರುವ ಸಾಕ್ಷಿ ಆ ನೋಟ್‌ಬುಕ್ ಒಂದೇ. ಮುಳ್ಳು ಸುಳ್ಳು ಹೇಳಿದರೆ ಅದರ ನಡುಕದಲ್ಲೇ ಅನುಮಾನ ಬರುತ್ತದೆ. ಪರದೆ ಸುಳ್ಳನ್ನೂ ದಶಮಾಂಶ ಬಿಂದು ಇಟ್ಟು ಹೇಳುತ್ತದೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಇಬ್ಬರು ಕೂರುವ, 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ನಿನ, 12 ವೋಲ್ಟ್ ಬ್ಯಾಟರಿಯ ವಿಮಾನವನ್ನು. ಸ್ವಂತ ಕಟ್ಟಿದ ಸಣ್ಣ ವಿಮಾನಗಳಲ್ಲಿ ಈ ಎಂಜಿನ್ ಕುಟುಂಬ ಸಾಮಾನ್ಯ. ಬೆಂಗಳೂರಿನ ಎನ್‌ಎಎಲ್ 2021ರಲ್ಲಿ ಹಾರಿಸಿದ, ಮುಳ್ಳಿನ ಬದಲು ಪರದೆಗಳಿರುವ ಗಾಜಿನ ಕಾಕ್‌ಪಿಟ್ಟಿನ ಹಂಸ-ಎನ್‌ಜಿ ಕೂಡ ರೋಟ್ಯಾಕ್ಸಿನದೇ. ಲೈಕಮಿಂಗ್ ಎಂಜಿನ್ ಇರುವವರಿಗೆ ಎಲ್ಲಿ ವ್ಯತ್ಯಾಸವೋ ಅಲ್ಲಿ ಹೇಳಿದ್ದೇವೆ.

ಮೊದಲು ಕಾಗದ

ವಿಟಿ ನೋಂದಣಿಯ, ಅಂದರೆ ಭಾರತದಲ್ಲಿ ನೋಂದಾಯಿಸಿದ ವಿಮಾನದಲ್ಲಿ ಪ್ಯಾನೆಲ್ ಬದಲಿಸುವುದು ರಿಪೇರಿಯಲ್ಲ, ಮಾರ್ಪಾಡು. ಡ್ರಿಲ್ ಹಿಡಿಯುವ ಮೊದಲೇ ವಿಮಾನಯಾನ ನಿಯಂತ್ರಕ ಡಿಜಿಸಿಎಗೆ (ಪುಣೆ, ಮುಂಬೈ, ಗೋವಾದವರಾದರೆ ಅದರ ಮುಂಬೈ ಪ್ರಾದೇಶಿಕ ಕಚೇರಿಗೆ) ಪತ್ರ ಹೋಗಲಿ. ಪತ್ರದ ಜೊತೆ ಮೂರು ಹಾಳೆ ಇದ್ದರೆ ಮಾತು ಸಲೀಸು: ಹೊಸ ಪ್ಯಾನೆಲಿನ ನಕ್ಷೆ, ವೈರಿಂಗ್ ನಕ್ಷೆ, ಕರೆಂಟಿನ ಲೆಕ್ಕ. ರೇಡಿಯೊ ಅಥವಾ ಟ್ರಾನ್ಸ್‌ಪಾಂಡರ್ ಬದಲಾಗುವುದಿದ್ದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಏರೋಮೊಬೈಲ್ (ವಿಮಾನದ ರೇಡಿಯೊ) ಲೈಸೆನ್ಸಿನಲ್ಲೂ ಅದು ಬದಲಾಗಬೇಕು. ಮೋಡ್-ಎಸ್ ಟ್ರಾನ್ಸ್‌ಪಾಂಡರಿಗೆ ತುಂಬುವ 24 ಬಿಟ್ ವಿಳಾಸ ನಿಮ್ಮ ವಿಮಾನಕ್ಕೇ ಕೊಟ್ಟದ್ದಾಗಿರಬೇಕು. ಭಾರತದ ವಿಳಾಸಗಳು 800000ದಿಂದ ಶುರುವಾಗುತ್ತವೆ. ಪೆಟ್ಟಿಗೆಯಲ್ಲಿ ಬಂದ ವಿಳಾಸ ಬೇರೆ ಅಂಕಿಯಿಂದ ಶುರುವಾಗಿದ್ದರೆ ಅದು ನಿಮ್ಮ ವಿಮಾನದ್ದಲ್ಲ.

ಬ್ಯಾಕಪ್ ಬ್ಯಾಟರಿ ಲಿಥಿಯಂ ಆದ್ದರಿಂದ ಪರದೆಯ ಜೊತೆ ಒಂದೇ ಡಬ್ಬಿಯಲ್ಲಿ ವಿಮಾನವೇರಿ ಬರುವುದು ಕಷ್ಟ. ಅದನ್ನು ಬೇರೆಯಾಗಿ, ಮುಂಚಿತವಾಗಿ ತರಿಸಿ. ಅದೊಂದು ಬಾರದೆ ಇಡೀ ಕೆಲಸ ನಿಂತರೆ ತಲೆನೋವು.

ಪುಣೆ, ಮುಂಬೈ, ಗೋವಾದಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಹೇಗೂ ಹಾರಲಾಗದು. ಸಂಜೆ ಮತ್ತು ವಾರಾಂತ್ಯದಲ್ಲಷ್ಟೇ ಕೆಲಸ ಮಾಡುವವರಿಗೆ ಇಡೀ ಮಳೆಗಾಲ ಬೇಕೇ ಬೇಕು. ಹದಿನೈದು ದಿನದಲ್ಲಿ ಮುಗಿಸುತ್ತೇನೆ ಎನ್ನುವವರನ್ನು ನಂಬಬೇಡಿ.

ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು

ತೆಗೆಯಬಹುದಾದದ್ದು: ಆರ್ಟಿಫಿಷಿಯಲ್ ಹೊರೈಜನ್, ಡೈರೆಕ್ಷನಲ್ ಜೈರೊ, ಟರ್ನ್ ಕೋಆರ್ಡಿನೇಟರ್, ವರ್ಟಿಕಲ್ ಸ್ಪೀಡ್, ಎಂಜಿನ್ನಿನ ಎಲ್ಲ ಸಣ್ಣ ಗೇಜುಗಳು. ಲೈಕಮಿಂಗ್ ವಿಮಾನದಲ್ಲಿ ಇವುಗಳ ಜೊತೆ ಜೈರೊ ತಿರುಗಿಸುವ ವ್ಯಾಕ್ಯೂಮ್ ಪಂಪ್, ಅದರ ಫಿಲ್ಟರ್, ರೆಗ್ಯುಲೇಟರ್, ಪೈಪು ಎಲ್ಲವೂ ಹೋಗುತ್ತದೆ. ಪಂಪ್ ಕೂತಿದ್ದ ಜಾಗಕ್ಕೆ ಗ್ಯಾಸ್ಕೆಟ್ ಸಮೇತ ಮುಚ್ಚಳ ಹಾಕಲು ಮರೆತರೆ ಆಯಿಲ್ ಸುರಿಯುತ್ತದೆ.

ಉಳಿಸಬೇಕಾದದ್ದು ಮೂರು: ಮುಳ್ಳಿನ ವೇಗಮಾಪಕ, ಮುಳ್ಳಿನ ಆಲ್ಟಿಮೀಟರ್, ದ್ರವದ ದಿಕ್ಸೂಚಿ. ಜೊತೆಗೆ ಗಾಜಿನ ಕೊಳವೆಯಲ್ಲಿ ಗುಂಡು ಓಡಾಡುವ ಸ್ಲಿಪ್ ಸೂಚಿ ಇದ್ದರೆ ಅದೂ ಇರಲಿ. ಇವು ಯಾವುವೂ ಕರೆಂಟ್ ಕೇಳುವುದಿಲ್ಲ. ಪ್ಯಾನೆಲ್ ಚೆಂದ ಕಾಣಲಿ ಎಂದು ಇವನ್ನೂ ಕಿತ್ತು ಎರಡನೇ ಪರದೆ ಹಾಕುವವರಿದ್ದಾರೆ. ಎರಡು ಪರದೆಗೂ ಒಂದೇ ಬ್ಯಾಟರಿ, ಒಂದೇ ಅರ್ಥ್ ಇದ್ದರೆ ಅದು ಬ್ಯಾಕಪ್ ಅಲ್ಲ, ಅಲಂಕಾರ. ಜಾಗ ಸಾಲದಿದ್ದರೆ ದೊಡ್ಡ ವೇಗಮಾಪಕದ ಬದಲು 57 ಮಿಮೀ ರಂಧ್ರದಲ್ಲಿ ಕೂರುವ ಚಿಕ್ಕದನ್ನು ಹಾಕಿ. ಹಳೆಯ 79 ಮಿಮೀ ರಂಧ್ರವೊಂದು ಉಳಿದಿದ್ದರೆ ಗಾರ್ಮಿನ್ ಜಿ5ನಂಥ, ತನ್ನದೇ ಬ್ಯಾಟರಿ ಇರುವ ಪುಟ್ಟ ಪರದೆ ಅದರಲ್ಲೇ ಕೂರುತ್ತದೆ.

ಮುಖ್ಯ ಪರದೆಗೆ 7 ಇಂಚು ಸಾಕೋ 10 ಇಂಚು ಬೇಕೋ? ನಕ್ಷೆ, ಎಂಜಿನ್, ಹಾರಾಟ ಮೂರನ್ನೂ ಒಂದರಲ್ಲೇ ನೋಡುವುದಿದ್ದರೆ 10. ಬೇರೆ ಟ್ಯಾಬ್ಲೆಟ್‌ನಲ್ಲಿ ನಕ್ಷೆ ಇದ್ದರೆ 7 ಇಂಚಿನದೇ ಹಗುರ, ಅಗ್ಗ. ಕೊಳ್ಳುವ ಮೊದಲು ಅದನ್ನು ಬಿಸಿಲಲ್ಲಿ, ನೀವು ಹಾರುವಾಗ ಹಾಕುವ ಕಪ್ಪು ಕನ್ನಡಕದಲ್ಲೇ ನೋಡಿ. ಪೋಲರೈಸ್ಡ್ ಕನ್ನಡಕದಲ್ಲಿ ಕೆಲವು ಪರದೆಗಳು ಒಂದು ಕೋನಕ್ಕೆ ಪೂರ್ತಿ ಕಪ್ಪಾಗುತ್ತವೆ.

ಕರೆಂಟಿನ ಲೆಕ್ಕ

ರೋಟ್ಯಾಕ್ಸ್ 912ರ ಒಳಗಿನ ಜನರೇಟರ್ ಪೂರ್ತಿ ವೇಗದಲ್ಲಿ ಕೊಡುವುದು ಸುಮಾರು 250 ವ್ಯಾಟ್. ಅಂದರೆ 14 ವೋಲ್ಟಿನಲ್ಲಿ 18 ಆಂಪಿಯರ್ ಒಳಗೆ. ನೆಲದ ಮೇಲೆ 2000 ಆರ್‌ಪಿಎಂನಲ್ಲಿ ಓಡಾಡುವಾಗ ಅದರ ಹತ್ತಿರವೂ ಬರುವುದಿಲ್ಲ. 10 ಇಂಚಿನ ಪರದೆಗೆ ಸುಮಾರು 3 ಆಂಪಿಯರ್, ಟ್ರಾನ್ಸ್‌ಪಾಂಡರಿಗೆ 1, ರೇಡಿಯೊ ಕೇಳುವಾಗ ಅರ್ಧ, ಮಾತಾಡುವಾಗ 2ರಿಂದ 3, ಎಲೆಕ್ಟ್ರಿಕ್ ಇಂಧನ ಪಂಪಿಗೆ ಒಂದೂವರೆ, ಹಳೆಯ ಮಾದರಿಯ ಸ್ಟ್ರೋಬ್ ದೀಪಕ್ಕೆ ಇನ್ನಷ್ಟು. ಪ್ರತಿ ಪೆಟ್ಟಿಗೆಯ ಕೈಪಿಡಿಯ ಅಂಕಿ ತೆಗೆದು ಕೂಡಿಸಿ. ಸದಾ ಉರಿಯುವವುಗಳ ಮೊತ್ತ ಜನರೇಟರಿನ ಸಾಮರ್ಥ್ಯದ 80% ದಾಟಿದರೆ ಮೊದಲು ಹೋಗಬೇಕಾದದ್ದು ಹಳೆಯ ಲ್ಯಾಂಡಿಂಗ್ ದೀಪ. ಎಲ್‌ಇಡಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ರೆಗ್ಯುಲೇಟರಿನ ಔಟ್‌ಪುಟ್‌ಗೆ ಅಡ್ಡಲಾಗಿ ರೋಟ್ಯಾಕ್ಸ್ ಹೇಳುವ 22,000 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಇದೆಯೇ ನೋಡಿ. ಮುಳ್ಳಿನ ಗೇಜುಗಳು ಅದಿಲ್ಲದೆಯೂ ಬದುಕಿದ್ದವು. ಪರದೆ ಬದುಕಿದರೂ ಹೆಡ್‌ಸೆಟ್ಟಿನಲ್ಲಿ ಗುಂಯ್‌ಗುಡುತ್ತದೆ.

ಸ್ಟಾರ್ಟರ್ ಒತ್ತಿದಾಗ ಬ್ಯಾಟರಿ 9 ವೋಲ್ಟಿಗೆ ಕುಸಿಯುವುದು ಮಾಮೂಲು. ಆಗ ಪರದೆ ಆರಿ ಮತ್ತೆ ಎದ್ದೇಳಲು ಅರ್ಧ ನಿಮಿಷ ಬೇಕು. ಎಂಜಿನ್ ಹತ್ತಿದ ಮೊದಲ 10 ಸೆಕೆಂಡಿನಲ್ಲಿ ಆಯಿಲ್ ಪ್ರೆಷರ್ ನೋಡಲೇಬೇಕಲ್ಲ, ಆ ಹೊತ್ತಿಗೇ ನಿಮ್ಮೆದುರು ಕಂಪನಿಯ ಲಾಂಛನ ತಿರುಗುತ್ತಿರುತ್ತದೆ. ಆದ್ದರಿಂದ ಬ್ಯಾಕಪ್ ಬ್ಯಾಟರಿ ಐಚ್ಛಿಕವಲ್ಲ. ಅದಕ್ಕೆ ತನ್ನದೇ ಫ್ಯೂಸ್, ತನ್ನದೇ ತಂತಿ ಇರಲಿ.

ಪ್ಯಾನೆಲ್ ಕತ್ತರಿಸುವುದು

ತಯಾರಕರ ರಂಧ್ರದ ನಕ್ಷೆಯನ್ನು ಶೇಕಡಾ 100 ಅಳತೆಯಲ್ಲಿ ಪ್ರಿಂಟ್ ಮಾಡಿಸಿ, ಅದರಲ್ಲಿರುವ ಅಳತೆಗೆರೆಯನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ಪ್ರಿಂಟರಿನ 'ಪುಟಕ್ಕೆ ಹೊಂದಿಸು' ಆಯ್ಕೆ 3% ತಿಂದರೂ 10 ಇಂಚಿನ ಪರದೆ ರಂಧ್ರದಲ್ಲಿ ಕೂರದು. ಮೊದಲು 3 ಮಿಮೀ ಎಂಡಿಎಫ್ ಹಲಗೆಯಲ್ಲಿ ಕತ್ತರಿಸಿ, ವಿಮಾನದಲ್ಲಿ ಕೂರಿಸಿ, ಬೆಲ್ಟ್ ಬಿಗಿದು ಸೀಟಿನಲ್ಲಿ ಕುಳಿತು ನೋಡಿ. ಕೈ ಎಲ್ಲಿಗೆ ತಲುಪುತ್ತದೆ, ಸ್ಟಿಕ್ ಪೂರ್ತಿ ಮುಂದೆ ಹೋದಾಗ ಪರದೆಗೆ ತಗಲುತ್ತದೆಯೇ, ಪರದೆಯ ಹಿಂದೆ ಕನೆಕ್ಟರ್ ಮತ್ತು ತಂತಿಯ ತಿರುವಿಗೆ 60ರಿಂದ 70 ಮಿಮೀ ಉಳಿಯುತ್ತದೆಯೇ. ಪ್ಯಾನೆಲಿನ ಹಿಂದೆಯೇ ಇಂಧನ ಟ್ಯಾಂಕ್ ಇರುವ ವಿಮಾನಗಳಲ್ಲಿ ಈ ಕೊನೆಯ ಅಳತೆಯೇ ಎಲ್ಲವನ್ನೂ ನಿರ್ಧರಿಸುತ್ತದೆ.

ಅಂತಿಮ ಹಾಳೆಗೆ 2 ಮಿಮೀ 6061-ಟಿ6 ಅಲ್ಯುಮಿನಿಯಂ ಸಾಕು. ಭೋಸರಿ ಅಥವಾ ಚಾಕಣ ಕಡೆಯ ವಾಟರ್‌ಜೆಟ್, ಲೇಸರ್ ಶಾಪುಗಳಿಗೆ ಡಿಎಕ್ಸ್‌ಎಫ್ ಕಡತ ಕೊಟ್ಟರೆ ಗಂಟೆಯೊಳಗಿನ ಕೆಲಸ. ಆದರೆ ಅವರು ದಿನವೂ ಕತ್ತರಿಸುವುದು ಉಕ್ಕಿನ (ಎಂಎಸ್) ಶೀಟು. ಅಲ್ಯುಮಿನಿಯಂ ಎಂದರೆ ಕೈಗೆ ಸಿಕ್ಕ ಮೆತ್ತನೆಯ ಶೀಟು ಹಾಕಿಬಿಡುತ್ತಾರೆ. ಹಾಳೆಯನ್ನು ಪ್ರಮಾಣಪತ್ರದ ಸಮೇತ ನೀವೇ ತೆಗೆದುಕೊಂಡು ಹೋಗಿ.

ಪಿಟೋ ಮತ್ತು ಸ್ಟ್ಯಾಟಿಕ್ ಪೈಪು

ಎದುರು ಗಾಳಿಯ ಒತ್ತಡ ತರುವುದು ಪಿಟೋ ಪೈಪು, ಸುತ್ತಲಿನ ಗಾಳಿಯ ಒತ್ತಡ ತರುವುದು ಸ್ಟ್ಯಾಟಿಕ್ ಪೈಪು. ಹೆಚ್ಚಿನವರು ಎಡವುವುದು ಇಲ್ಲಿ, ಅದೂ ಅತಿ ಸಣ್ಣ ಕಾರಣಕ್ಕೆ. ಅಮೆರಿಕದಿಂದ ಬಂದ ಅಡಾರ್ಸ್ ಪೆಟ್ಟಿಗೆಗೆ, ಅಂದರೆ ಗಾಳಿಯ ಒತ್ತಡ ಮತ್ತು ವಿಮಾನದ ವಾಲಿಕೆ ಎರಡನ್ನೂ ಅಳೆಯುವ ಪೆಟ್ಟಿಗೆಗೆ, ಬೇಕಿರುವುದು ಕಾಲು ಇಂಚಿನ ಪೈಪು, ಅಂದರೆ 6.35 ಮಿಮೀ. ಪುಣೆಯ ನ್ಯೂಮ್ಯಾಟಿಕ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 6 ಮಿಮೀ. ಅಂಗಡಿಯವನು "ಸೇಮ್ ಆಹೆ" ಎನ್ನುತ್ತಾನೆ. ಸೇಮ್ ಅಲ್ಲ. 6 ಮಿಮೀ ಪೈಪು ಕಾಲು ಇಂಚಿನ ಪುಶ್-ಫಿಟ್ಟಿಂಗ್‌ನಲ್ಲಿ ಕೂತಂತೆ ಕಾಣುತ್ತದೆ, ಎಳೆದರೂ ಬರುವುದಿಲ್ಲ, ಒಳಗೆ ಸೋರುತ್ತದೆ. ಥ್ರೆಡ್ಡಿನ ಕಥೆಯೂ ಹೀಗೆಯೇ. ಪೆಟ್ಟಿಗೆಯಲ್ಲಿರುವುದು ಸಾಮಾನ್ಯವಾಗಿ ಎಂಟನೇ ಒಂದು ಇಂಚಿನ ಎನ್‌ಪಿಟಿ, ಇಂಚಿಗೆ 27 ಎಳೆ. ಇಲ್ಲಿ ಸಿಗುವುದು ಬಿಎಸ್‌ಪಿ, ಇಂಚಿಗೆ 28 ಎಳೆ. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ನಿಲ್ಲಿಸಿ. ಸ್ಪ್ಯಾನರ್ ಹಾಕಿದರೆ ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಯ ಥ್ರೆಡ್ ಹೋಯಿತು. ಟೆಫ್ಲಾನ್ ಟೇಪನ್ನು ತುದಿಯ ಎರಡು ಎಳೆ ಬಿಟ್ಟು ಸುತ್ತಿ. ಅದರ ಚೂರು ಒಳಗಿನ ಒತ್ತಡದ ಸೆನ್ಸರಿಗೆ ಹೋದರೆ ತೆಗೆಯಲು ದಾರಿಯಿಲ್ಲ.

ಹಳೆಯ ಪೈಪಿಗೆ ಟಿ ಹಾಕಿ ಒಂದು ಕವಲು ಮುಳ್ಳಿನ ಗೇಜಿಗೆ, ಇನ್ನೊಂದು ಅಡಾರ್ಸ್‌ಗೆ. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ನೀರು ನಿಲ್ಲಲು ಒಂದು ಪುಟ್ಟ ಕುಡಿಕೆ ಇಟ್ಟರೆ ಕೊಂಕಣದ ಮಳೆಗೆ ಅದೇ ಕಾವಲು. ಪಿಟೋ ಬಾಯಿಗೆ ಮುಚ್ಚಳ ಹಾಕದೆ ಬಿಟ್ಟರೆ ಕಣಜ ಒಂದೆರಡು ದಿನದಲ್ಲೇ ಮಣ್ಣಿನ ಗೂಡು ಕಟ್ಟುತ್ತದೆ. ಪ್ಯಾನೆಲ್ ಬಿಚ್ಚಿಟ್ಟ ತಿಂಗಳುಗಳಲ್ಲಿ ಬಿಚ್ಚಿದ ಪೈಪಿನ ತುದಿಗಳಿಗೂ ಟೇಪು ಬೇಕು.

ಈಗ ಪರೀಕ್ಷೆ. ಸ್ಟ್ಯಾಟಿಕ್ ರಂಧ್ರಗಳಲ್ಲಿ ಒಂದನ್ನು ಟೇಪಿನಿಂದ ಮುಚ್ಚಿ, ಇನ್ನೊಂದಕ್ಕೆ 50 ಮಿಲೀ ಸಿರಿಂಜ್ ಜೋಡಿಸಿ, ಆಲ್ಟಿಮೀಟರ್ 1000 ಅಡಿ ಏರುವವರೆಗೆ ಮೆಲ್ಲಗೆ ಎಳೆದು ಪೈಪನ್ನು ಒತ್ತಿ ಹಿಡಿಯಿರಿ. ಒಂದು ನಿಮಿಷದಲ್ಲಿ 100 ಅಡಿಗಿಂತ ಹೆಚ್ಚು ಇಳಿಯಬಾರದು. ಬಿಡುವಾಗಲೂ ಮೆಲ್ಲಗೆ. ಪಿಟೋಗೆ ಬಾಯಲ್ಲಿ ಊದುವ ಅಭ್ಯಾಸ ಬಿಡಿ. ಬಾಯ ಗಾಳಿಯ ಒತ್ತಡಕ್ಕೆ ವೇಗಮಾಪಕದ ಡಯಾಫ್ರಾಮ್ ತಡೆಯದು.

ವೇಗ ಸರಿಯೇ ಎಂದು ನೋಡಲು ದುಬಾರಿ ಯಂತ್ರ ಬೇಡ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಟಿ ಮೂಲಕ ಪಿಟೋ ಮತ್ತು ಸಿರಿಂಜಿಗೆ ಜೋಡಿಸಿ. ಸಿರಿಂಜನ್ನು ಮೆಲ್ಲಗೆ ಒತ್ತುತ್ತ ಎರಡು ಕಂಬಗಳ ನೀರಿನ ಮಟ್ಟದ ಅಂತರ ಅಳೆಯಿರಿ. 60 ನಾಟ್‌ಗೆ 60 ಮಿಮೀ, 100 ನಾಟ್‌ಗೆ 166 ಮಿಮೀ, 120 ನಾಟ್‌ಗೆ 240 ಮಿಮೀ. ಮುಳ್ಳೂ ಪರದೆಯೂ ಎರಡೂ ಈ ಅಂಕಿಗೆ ಎರಡು ನಾಟ್ ಒಳಗೆ ಬರಬೇಕು. ಎರಡೂ ಒಂದೇ ಕಡೆಗೆ ತಪ್ಪಿದರೆ ಸೋರಿಕೆ. ಒಂದು ಮಾತ್ರ ತಪ್ಪಿದರೆ ಆ ಗೇಜೇ ತಪ್ಪು. ಹಳೆಯ ಮುಳ್ಳೇ ಇಷ್ಟು ವರ್ಷ ಐದು ನಾಟ್ ಹೆಚ್ಚು ಹೇಳುತ್ತಿತ್ತು ಎಂದು ಗೊತ್ತಾಗುವುದೂ ಅಪರೂಪವಲ್ಲ.

ಅಡಾರ್ಸ್ ಮತ್ತು ಕಾಂತದ ಪೆಟ್ಟಿಗೆ

ಅಡಾರ್ಸ್ ವಿಮಾನದ ಮೂಗಿನ ನೇರಕ್ಕೆ ಒಂದು ಡಿಗ್ರಿ ಒಳಗೆ ಕೂರಬೇಕು, ಅಲುಗದ ತಟ್ಟೆಯ ಮೇಲೆ. ರಬ್ಬರ್ ಬುಶ್ ಹಾಕಿ ಮೆತ್ತಗೆ ಕೂರಿಸುವುದು ಒಳ್ಳೆಯದು ಎಂಬುದು ಜೈರೊ ಕಾಲದ ನಂಬಿಕೆ. ಇದಕ್ಕೆ ಗಟ್ಟಿ ನೆಲೆಯೇ ಬೇಕು. ತೆಳು ತಟ್ಟೆ ನಡುಗಿದರೆ ನೇರ ಹಾರುವಾಗಲೂ ಪರದೆಯ ದಿಗಂತ ವಾಲುತ್ತದೆ.

ಭೂಮಿಯ ಕಾಂತದಿಂದ ದಿಕ್ಕು ಅಳೆಯುವ ಮ್ಯಾಗ್ನೆಟೋಮೀಟರಿಗೆ ಜಾಗ ಹುಡುಕುವುದು ತಾಳ್ಮೆಯ ಕೆಲಸ. ರೆಕ್ಕೆಯ ತುದಿ ಅಥವಾ ಬಾಲದ ಕಡೆ, ಉಕ್ಕಿನ ಪೈಪು, ಕೇಬಲ್, ಬೆಲ್‌ಕ್ರ್ಯಾಂಕ್, ಸ್ಟ್ರೋಬ್ ತಂತಿ ಇವುಗಳಿಂದ ಕನಿಷ್ಠ ಅರ್ಧ ಮೀಟರ್ ದೂರ. ಜಾಗ ತೀರ್ಮಾನಿಸುವ ಮೊದಲು ಅಲ್ಲಿ ಸಾದಾ ಕೈ ದಿಕ್ಸೂಚಿ ಇಟ್ಟು ಒಬ್ಬರು ಸ್ಟಿಕ್ ಪೂರ್ತಿ ಆಡಿಸಲಿ, ದೀಪಗಳನ್ನು ಒಂದೊಂದಾಗಿ ಹಾಕಿ ಆರಿಸಲಿ, ಫ್ಲಾಪ್ ಮೋಟರ್ ಓಡಿಸಲಿ. ಮುಳ್ಳು ಎರಡು ಡಿಗ್ರಿ ಅಲುಗಿದರೂ ಬೇರೆ ಜಾಗ ನೋಡಿ. ಸ್ಕ್ರೂ ಹಿತ್ತಾಳೆಯದಿರಲಿ. ಅಂಗಡಿಯ 'ಎಸ್‌ಎಸ್' ಸ್ಕ್ರೂಗಳಲ್ಲಿ ಅಯಸ್ಕಾಂತ ಹಿಡಿಯುವವೂ ಇರುತ್ತವೆ, ಜೇಬಿನಲ್ಲಿ ಪುಟ್ಟ ಅಯಸ್ಕಾಂತ ಇಟ್ಟುಕೊಂಡೇ ಕೊಳ್ಳಿ. ರೆಕ್ಕೆ ತುದಿಯ ದೀಪಕ್ಕೆ ವಿಮಾನದ ಲೋಹವನ್ನೇ ಹಿಂದಿರುಗುವ ದಾರಿಯಾಗಿ ಬಳಸಿದ್ದರೆ, ಅದನ್ನು ತೆಗೆದು ಹೋಗುವ-ಬರುವ ಎರಡು ತಂತಿಗಳನ್ನು ಹೆಣೆದು ಎಳೆಯಿರಿ. ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ.

ವೈರಿಂಗ್

ತಂತಿ ಟೆಫ್ಜೆಲ್ ಹೊದಿಕೆಯದ್ದು, 22759/16 ಎಂದು ಮೈಮೇಲೆ ಅಚ್ಚಾಗಿರುವುದು. ಪಿವಿಸಿ ಬೇಡ. ಅದು ಸುಟ್ಟರೆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಪುಟ್ಟ ಕಾಕ್‌ಪಿಟ್ಟಿನಲ್ಲಿ ಕಣ್ಣು ತೆರೆಯಲಾಗದು. ಮುಂಬೈಯ ಲೋಹಾರ್ ಚಾಳದಲ್ಲಾಗಲಿ ಪುಣೆಯ ತಾಪಕೀರ್ ಗಲ್ಲಿಯಲ್ಲಾಗಲಿ ತಂತಿಯ ಮಾತು ನಡೆಯುವುದು ಚದರ ಮಿಮೀಯಲ್ಲಿ. ವಿಮಾನದ ಕೈಪಿಡಿ ಮಾತಾಡುವುದು ಅಮೆರಿಕದ ತಂತಿ ಅಳತೆಯಾದ ಎಡಬ್ಲ್ಯೂಜಿಯಲ್ಲಿ. 22 ಎಂದರೆ 0.33 ಚದರ ಮಿಮೀ, ಫ್ಯೂಸ್ 5 ಆಂಪಿಯರ್. 20 ಎಂದರೆ 0.52, ಫ್ಯೂಸ್ 7.5. 18 ಎಂದರೆ 0.82, ಫ್ಯೂಸ್ 10. ಫ್ಯೂಸ್ ಇರುವುದು ಪೆಟ್ಟಿಗೆಯನ್ನಲ್ಲ, ತಂತಿಯನ್ನು ಕಾಯಲು. ಪದೇ ಪದೇ ಹಾರುವ 5 ಆಂಪಿಯರ್ ಫ್ಯೂಸಿನ ಜಾಗಕ್ಕೆ 10ರದ್ದು ಹಾಕುವುದು ಬೆಂಕಿಗೆ ಕೊಡುವ ಆಮಂತ್ರಣ.

ಪೆಟ್ಟಿಗೆಗಳ ಹಿಂದಿನ ಹಲವು ಪಿನ್ನಿನ ಡಿ-ಸಬ್ ಕನೆಕ್ಟರಿಗೆ ಬೆಸುಗೆ ಬೇಡ, ಕ್ರಿಂಪ್ ಮಾಡಿ, ಅಂದರೆ ಪಿನ್ನನ್ನು ತಂತಿಗೆ ಒತ್ತಿ ಹಿಡಿಸಿ. ಬೆಸುಗೆ ತಂತಿಯೊಳಗೆ ಹರಿದು ಗಡುಸಾದ ಜಾಗದಲ್ಲೇ ನಡುಕಕ್ಕೆ ತಂತಿ ಮುರಿಯುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಮಡಚಿದ ತಗಡಿನ ಪಿನ್ನು ಮನೆಯ ಬೆಂಚಿಗೆ ಸರಿ, ವಿಮಾನಕ್ಕಲ್ಲ. ಕಡೆದು ಮಾಡಿದ ಗಟ್ಟಿ ಪಿನ್ನು, ನಾಲ್ಕೂ ಕಡೆಯಿಂದ ಒತ್ತುವ ಕ್ರಿಂಪರ್ ಬೇಕು. ಕ್ರಿಂಪರ್ ದುಬಾರಿ, ಆದರೆ ಕೆಲಸ ಮುಗಿದ ಮೇಲೆ ಗೆಳೆಯರ ಕೈಗೆ ಹೋಗುತ್ತಲೇ ಇರುತ್ತದೆ. ಪ್ರತಿ ಪಿನ್ನನ್ನೂ ಕ್ರಿಂಪ್ ಆದ ಮೇಲೆ ಕೈಯಿಂದ ಎಳೆದು ನೋಡಿ. ತಂತಿಯ ಎಳೆಗಳು ಪಿನ್ನಿನ ಪಕ್ಕದ ಕಿಂಡಿಯಲ್ಲಿ ಕಾಣಲೇಬೇಕು.

ಪಿನ್ ನಂಬರಿನ ತಪ್ಪು ಸಾಮಾನ್ಯ: ಕೆಲವು ನಕ್ಷೆಗಳು ಕನೆಕ್ಟರನ್ನು ಮುಂದಿನಿಂದ ತೋರಿಸುತ್ತವೆ, ನೀವು ಪಿನ್ ತೂರಿಸುವುದು ಹಿಂದಿನಿಂದ. ಎಡಬಲ ಅದಲುಬದಲು. ಕನೆಕ್ಟರಿನ ಪ್ಲಾಸ್ಟಿಕ್ ಮೇಲೆ ಕೊರೆದ ಸಣ್ಣ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಿಯೇ ತೂರಿಸಿ.

ಶೀಲ್ಡ್ ತಂತಿಯ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಎರಡೂ ತುದಿಯಲ್ಲಿ ಮಾಡಿದರೆ ಅದೇ ಒಂದು ಕರೆಂಟಿನ ಸುತ್ತಾಗಿ ಶಬ್ದ ತರುತ್ತದೆ. ಎಲ್ಲ ಪೆಟ್ಟಿಗೆಗಳ ಅರ್ಥ್ ತಂತಿ ಬಂದು ಸೇರಲು ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಫೈರ್‌ವಾಲ್ ಬಳಿ ಒಂದೇ ಹಿತ್ತಾಳೆ ಪಟ್ಟಿ, ಅಲ್ಲಿಂದ ಬ್ಯಾಟರಿಗೆ ದಪ್ಪ ತಂತಿ, ಅಲ್ಲಿಂದ ಎಂಜಿನ್ನಿಗೆ ದಪ್ಪ ಹೆಣೆದ ಪಟ್ಟಿ. ಲ್ಯಾಂಡಿಂಗ್ ದೀಪ ಹಾಕಿದೊಡನೆ ಪರದೆಯಲ್ಲಿ ಆಯಿಲ್ ಪ್ರೆಷರ್ ಬದಲಾದರೆ ಎಂಜಿನ್ನಿಗೂ ಆಯಿಲ್‌ಗೂ ಏನೂ ಆಗಿಲ್ಲ. ಎಂಜಿನ್ ಮತ್ತು ಪ್ಯಾನೆಲ್ ನಡುವಿನ ಅರ್ಥ್‌ನಲ್ಲಿ ವೋಲ್ಟೇಜ್ ಹುಟ್ಟಿದೆ ಅಷ್ಟೇ. ಡಿಜಿಟಲ್ ಮಾಡಿಸಿಕೊಂಡವರು ಕಾಣುವ ವಿಚಿತ್ರಗಳಲ್ಲಿ ಬಹುಪಾಲಿಗೆ ಮೂಲ ಇದೇ.

ಗಾರ್ಮಿನ್‌ನಂಥ ಕ್ಯಾನ್ ಬಸ್ ಜಾಲವಾದರೆ (ಪೆಟ್ಟಿಗೆಗಳು ಎರಡು ತಂತಿಯ ಮೇಲೆ ಪರಸ್ಪರ ಮಾತಾಡುವ ಜಾಲ) ಎರಡು ತುದಿಯಲ್ಲಿ 120 ಓಮಿನ ರೆಸಿಸ್ಟರ್ ಇರಬೇಕು. ಕರೆಂಟ್ ಆರಿಸಿ ಎರಡು ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ, 40 ಬಂದರೆ ಮೂರು ಹಾಕಿದ್ದೀರಿ.

ಪರದೆಗಳನ್ನು ಜೋಡಿಸುವ ಮೊದಲು ಖಾಲಿ ಕನೆಕ್ಟರುಗಳಿಗೆ ಕರೆಂಟ್ ಬಿಟ್ಟು ಪ್ರತಿ ಪಿನ್ನನ್ನೂ ಮಲ್ಟಿಮೀಟರಿನಲ್ಲಿ ಮುಟ್ಟಿ. 12 ವೋಲ್ಟ್ ಬರಬೇಕಾದ ಪಿನ್ನಿನಲ್ಲಷ್ಟೇ ಬರಬೇಕು. ಇದಕ್ಕೆ ಒಂದು ಸಂಜೆ ಹೋಗುತ್ತದೆ, ಹೋಗಲಿ. ಪರದೆ ಹೊರತೆಗೆಯಲು ಅನುಕೂಲವಾಗುವಂತೆ ಹಿಂದೆ 20 ಸೆಂಮೀ ತಂತಿ ಸಡಿಲ ಬಿಡಿ. ಗೋವಾದ ಕಡಲ ಗಾಳಿಯಲ್ಲಿ ವಿಮಾನ ನಿಲ್ಲಿಸುವವರು ಹೊರಗಿನ ಪ್ರತಿ ಕನೆಕ್ಟರಿಗೂ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಮುಚ್ಚಲಿ.

ಎಂಜಿನ್ ಸೆನ್ಸರುಗಳು

ಹಳೆಯ ರೋಟ್ಯಾಕ್ಸ್‌ಗಳ ಆಯಿಲ್ ಪ್ರೆಷರ್ ಸೆಂಡರ್ ರೆಸಿಸ್ಟೆನ್ಸಿನದು, ಎಂಜಿನ್ ಮೈಯೇ ಅದರ ಅರ್ಥ್. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತಿದರೆ ಅರ್ಥ್ ಹೋಗಿ ಅಂಕಿ ಕುಣಿಯುತ್ತದೆ. ಹೊಸತರಲ್ಲಿ 4ರಿಂದ 20 ಮಿಲಿಆಂಪಿಯರ್ ಕೊಡುವ ಎರಡು ತಂತಿಯ ಸೆಂಡರ್ ಇದೆ. ಪರದೆಯ ಎಂಜಿನ್ ಪೆಟ್ಟಿಗೆ ವೋಲ್ಟೇಜ್ ಮಾತ್ರ ಓದುವುದಾದರೆ 240 ಓಮಿನ ರೆಸಿಸ್ಟರ್ ಮೂಲಕ ಅದು 0.96ರಿಂದ 4.8 ವೋಲ್ಟ್ ಆಗುತ್ತದೆ. ನಿಮ್ಮದು ಯಾವುದೆಂದು ನೋಡದೆ ಮೆನುವಿನಲ್ಲಿ ಆರಿಸಬೇಡಿ.

ಎರಡು ಬೇರೆ ಲೋಹ ಸೇರಿಸಿ ಬಿಸಿ ಅಳೆಯುವ ಥರ್ಮೊಕಪಲ್‌ನ ತಂತಿಗೆ ತಾಮ್ರದ ತಂತಿ ಸೇರಿಸಿ ಉದ್ದ ಮಾಡುವಂತಿಲ್ಲ. ಸೇರಿಸಿದ ಜಾಗವೇ ಇನ್ನೊಂದು ಥರ್ಮೊಕಪಲ್ ಆಗಿ, ಕೌಲಿಂಗ್ ಒಳಗಿನ ಬಿಸಿ ಹೆಚ್ಚಿದಂತೆ ಅಂಕಿ ತಪ್ಪುತ್ತ ಹೋಗುತ್ತದೆ. ಕೆ ಮಾದರಿಗೆ ಕೆ ತಂತಿ, ಜೆ ಮಾದರಿಗೆ ಜೆ ತಂತಿ. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಕೆಂಪು ತಂತಿ ನೆಗೆಟಿವ್. ನಮ್ಮ ಕೈಗೆ ಕೆಂಪು ಎಂದರೆ ಪಾಸಿಟಿವ್ ಎಂಬ ರೂಢಿ. ಎಂಜಿನ್ ಬಿಸಿಯಾದಂತೆ ಅಂಕಿ ಇಳಿದರೆ ತಂತಿ ತಿರುವುಮುರುವಾಗಿದೆ. ನಾಲ್ಕು ಎಕ್ಸಾಸ್ಟ್ ಪ್ರೋಬುಗಳೂ ಸಿಲಿಂಡರಿಗೆ ಸೇರುವ ಪೈಪಿನ ಬಾಯಿಯಿಂದ ಒಂದೇ ದೂರದಲ್ಲಿರಲಿ. ಒಂದು 50 ಮಿಮೀ, ಇನ್ನೊಂದು 90 ಮಿಮೀ ದೂರದಲ್ಲಿದ್ದರೆ ಆ ಸಿಲಿಂಡರಿಗೆ ಇಲ್ಲದ ಕಾಯಿಲೆ ಹುಡುಕುತ್ತೀರಿ.

ಪರದೆಯ ಬಣ್ಣದ ಗೆರೆಗಳನ್ನು ನಿಮ್ಮ ಎಂಜಿನ್ನಿನ ಕೈಪಿಡಿ ನೋಡಿ ಹಾಕಿ. 912 ಯುಎಲ್‌ಎಸ್‌ಗೆ 5500 ಆರ್‌ಪಿಎಂ ನಿರಂತರ, 5800 ಐದು ನಿಮಿಷ. ಆಯಿಲ್ ಬಿಸಿ ಕನಿಷ್ಠ 50, ಗರಿಷ್ಠ 130 ಡಿಗ್ರಿ. ಆಯಿಲ್ ಪ್ರೆಷರ್ 3500 ಆರ್‌ಪಿಎಂ ಮೇಲೆ 2ರಿಂದ 5 ಬಾರ್, ಕೆಳಗೆ ಕನಿಷ್ಠ 0.8, ತಣ್ಣಗಿದ್ದಾಗ ಹತ್ತಿಸಿದೊಡನೆ ಸ್ವಲ್ಪ ಹೊತ್ತು 7ರವರೆಗೆ. ಅಲಾರಂ ಇನ್ನೂ ಬಿಗಿಯಾಗಿರಲಿ ಎಂದು ಗೆರೆ ಕೆಳಗಿಳಿಸಿದರೆ ಪುಣೆಯ ಏಪ್ರಿಲ್ ಮಧ್ಯಾಹ್ನ ಪ್ರತಿ ಏರಿಕೆಯಲ್ಲೂ ಕೂಗುತ್ತದೆ. ಮೂರನೇ ದಿನದಿಂದ ನೀವು ಅದನ್ನು ಕೇಳುವುದನ್ನೇ ಬಿಡುತ್ತೀರಿ.

ಆರ್‌ಪಿಎಂ ಸಂಕೇತವನ್ನು ಎಂಜಿನ್ನಿನ ನೀಲಿ-ಬಿಳಿ ಟ್ರಿಗರ್ ಕಾಯಿಲ್ ತಂತಿಯಿಂದ ತೆಗೆದರೆ ಸುತ್ತಿಗೊಂದು ಪಲ್ಸ್. ಸರಿ ನೋಡಲು ಬೆಳಕಿನ ಟ್ಯಾಕೊಮೀಟರನ್ನು ಪ್ರೊಪೆಲ್ಲರಿಗೆ ಸುರಕ್ಷಿತ ದೂರದಿಂದ ಹಿಡಿಯಿರಿ. ಗೇರ್ 2.43ಕ್ಕೆ 1 ಆದ್ದರಿಂದ ಎಂಜಿನ್ 4000 ಅಂದರೆ ಪ್ರೊಪೆಲ್ಲರ್ 1646. ಮೂರು ಅಲಗಿನದಾದರೆ ಮೀಟರಿನಲ್ಲಿ ಅಲಗಿನ ಸಂಖ್ಯೆ ಹಾಕಿ.

ಇಂಧನದ ಗೇಜಿಗೆ ಅರ್ಧ ದಿನ ಇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ 5 ಲೀಟರಿನಂತೆ ತುಂಬುತ್ತ ಪ್ರತಿ ಹಂತವನ್ನೂ ಪರದೆಗೆ ಹೇಳಿಕೊಡಬೇಕು. ಬಾಲದ ಚಕ್ರದ ವಿಮಾನವಾದರೆ ಬಾಲ ಎತ್ತಿ, ಹಾರುವ ಭಂಗಿಯಲ್ಲಿ. ಕೆಪಾಸಿಟೆನ್ಸ್ ಪ್ರೋಬ್ ಇದ್ದರೆ ಒಂದು ಎಚ್ಚರಿಕೆ. ಎಥೆನಾಲಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಪೆಟ್ರೋಲಿನದಕ್ಕಿಂತ ಹತ್ತು ಪಟ್ಟು ಹೆಚ್ಚು. ವಿಮಾನದ ಪೆಟ್ರೋಲ್ ಆದ ಏವ್‌ಗ್ಯಾಸಿನಲ್ಲಿ ಕಲಿಸಿದ ಪ್ರೋಬಿಗೆ ಎಥೆನಾಲ್ ಬೆರೆತ ಬಂಕಿನ ಪೆಟ್ರೋಲ್ ಹಾಕಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗೆ ನೋಡಿದರೆ ರೋಟ್ಯಾಕ್ಸ್ ಒಪ್ಪುವುದೇ 10% ಎಥೆನಾಲಿನವರೆಗೆ, ಈಗಿನ ಬಂಕಿನ ಇ20 ಅದನ್ನೂ ದಾಟಿದೆ.

ಫ್ಲೋ ಸೆನ್ಸರ್ ಹಾಕಿದರೆ, ಟ್ಯಾಂಕಿಗೆ ಹಿಂದಿರುಗುವ ಪೈಪು ಇರುವ ಎಂಜಿನ್ನಿನಲ್ಲಿ ಒಂದೇ ಸೆನ್ಸರ್ ಸಾಲದು. ಹೋದದ್ದನ್ನು ಎಣಿಸಿ ಬಂದದ್ದನ್ನು ಕಳೆಯಬೇಕು. ಇಂತಿಷ್ಟು ಇಂಧನಕ್ಕೆ ಸೆನ್ಸರ್ ಕೊಡುವ ಪಲ್ಸ್‌ಗಳ ಎಣಿಕೆಯೇ ಕೆ-ಫ್ಯಾಕ್ಟರ್. ಅದನ್ನು ಸರಿಪಡಿಸುವ ಸೂತ್ರ: ಹಳೆಯ ಅಂಕಿಯನ್ನು ಪರದೆ ತೋರಿಸಿದ ಲೀಟರಿನಿಂದ ಗುಣಿಸಿ, ಬಂಕಿನಲ್ಲಿ ನಿಜಕ್ಕೂ ತುಂಬಿಸಿದ ಲೀಟರಿನಿಂದ ಭಾಗಿಸಿ. 68,000 ಇದ್ದು, ತೋರಿಸಿದ್ದು 22, ತುಂಬಿಸಿದ್ದು 20 ಆದರೆ ಹೊಸ ಅಂಕಿ 74,800.

ತೂಕ

ಗೇಜು ಕಿತ್ತು ಹಗುರಾಯಿತು ಎಂದು ಖುಷಿಪಡುವ ಮೊದಲು ಸಿಜಿ, ಅಂದರೆ ತೂಕದ ಕೇಂದ್ರಬಿಂದುವಿನ ಲೆಕ್ಕ ಹಾಕಿ. 300 ಕೆಜಿಯ ವಿಮಾನ, ಅಳತೆಯ ಮೂಲಬಿಂದುವಿನಿಂದ ಸಿಜಿ 1.850 ಮೀಟರಿನಲ್ಲಿದೆ ಎನ್ನಿ. ಪ್ಯಾನೆಲ್ ಇರುವ 1.10 ಮೀಟರಿನಲ್ಲಿ 4 ಕೆಜಿ ಹೋಯಿತು, 2.6 ಕೆಜಿ ಬಂತು. ಬಾಲದ ಕಡೆ 4.5 ಮೀಟರಿನಲ್ಲಿ ಮ್ಯಾಗ್ನೆಟೋಮೀಟರ್ ಮತ್ತು ತಂತಿ 0.3 ಕೆಜಿ ಬಂತು. ತೂಕ 298.9 ಕೆಜಿ, ಸಿಜಿ 1.856. ಅಂದರೆ ವಿಮಾನ 1.1 ಕೆಜಿ ಹಗುರಾಗಿ, ಸಿಜಿ 6 ಮಿಮೀ ಹಿಂದೆ ಸರಿದಿದೆ. ಹಿಂದಿನ ಮಿತಿಯ ಅಂಚಿನಲ್ಲಿದ್ದ ವಿಮಾನಕ್ಕೆ ಇದು ಸಣ್ಣದಲ್ಲ. ಲೆಕ್ಕದ ಮೇಲೆ ಬಿಡದೆ ಮೂರು ಚಕ್ರದ ಕೆಳಗೂ ತಕ್ಕಡಿ ಇಟ್ಟು ತೂಗಿ, ಲಾಗ್‌ಬುಕ್ಕಿನಲ್ಲಿ ಬರೆಯಿರಿ.

ನೆಲದ ಮೇಲೆ, ಆಮೇಲೆ ಗಾಳಿಯಲ್ಲಿ

ದಿಕ್ಸೂಚಿಯ ಹೊಂದಾಣಿಕೆಯನ್ನು ಹ್ಯಾಂಗರಿನೊಳಗೆ ಮಾಡಬೇಡಿ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಮೇಲೂ ಬೇಡ, ಹುಲ್ಲಿನ ಬಯಲೇ ಉತ್ತಮ. ಪುಣೆ, ಮುಂಬೈ ಸುತ್ತ ನಿಜ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಅಂತರ ಒಂದು ಡಿಗ್ರಿಯೊಳಗೇ ಇರುವುದರಿಂದ ನೇರ ನೋಡಬಹುದು. ರನ್‌ವೇ ನೇರಕ್ಕೆ ನಿಂತಾಗ ಐದು ಡಿಗ್ರಿ ತಪ್ಪಿದರೆ ಮ್ಯಾಗ್ನೆಟೋಮೀಟರಿನ ಜಾಗವೇ ತಪ್ಪು. ಟವರಿನ ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಗಾಳಿಯ ಒತ್ತಡ) ಹಾಕಿದಾಗ ಎರಡೂ ಆಲ್ಟಿಮೀಟರ್ ನಿಲ್ದಾಣದ ಎತ್ತರಕ್ಕೆ 60 ಅಡಿ ಒಳಗೆ ಬರಬೇಕು. ಪುಣೆಯ ಲೋಹಗಾಂವ್‌ಗೆ ಅದು 1,942 ಅಡಿ. ರೇಡಿಯೊದಲ್ಲಿ ಕೇಳುತ್ತ ಪರದೆಯನ್ನು ಆರಿಸಿ ಹತ್ತಿಸಿ. ಹತ್ತಿದಾಗ ರೇಡಿಯೊದ ಗದ್ದಲ ತಡೆಯುವ ಸ್ಕ್ವೆಲ್ಚ್ ತಾನಾಗಿ ತೆರೆದುಕೊಂಡರೆ ಪರದೆಯ ತಂತಿ ಆಂಟೆನಾ ಕೇಬಲಿಗೆ ತೀರ ಹತ್ತಿರವಿದೆ.

ಆಮೇಲೆ ಮುಖ್ಯ ಫ್ಯೂಸ್ ತೆಗೆದು ಪರದೆ ಬ್ಯಾಕಪ್ ಬ್ಯಾಟರಿಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಡಬ್ಬಿಯ ಮೇಲೆ ಬರೆದ ಸಮಯವನ್ನಲ್ಲ, ಈ ಸಮಯವನ್ನು ಚೆಕ್‌ಲಿಸ್ಟಿನಲ್ಲಿ ಬರೆಯಿರಿ.

ಮೊದಲ ಹಾರಾಟ ಹಗಲಲ್ಲಿ, ಸ್ವಚ್ಛ ಆಕಾಶದಲ್ಲಿ, ಒಬ್ಬರೇ, ಎಂಜಿನ್ ನಿಂತರೂ ರನ್‌ವೇಗೆ ತೇಲಿ ಬರಬಹುದಾದ ದೂರದಲ್ಲಿ. ಆಟೋಪೈಲಟ್ ಆರಿಸಿರಲಿ, ಐದಾರು ಗಂಟೆ ಅದನ್ನು ಮುಟ್ಟಬೇಡಿ. ವೇಗಕ್ಕೆ ಮುಳ್ಳನ್ನೇ ನೋಡಿ, ಪರದೆ ಅದಕ್ಕೆ ಒಪ್ಪುತ್ತದೆಯೇ ಎಂದಷ್ಟೇ ಗಮನಿಸಿ. ಎರಡು ಮೂರನೇ ಹಾರಾಟದಲ್ಲಿ, ಒತ್ತಡದ ಎತ್ತರ 4,500 ಅಡಿ, ಹೊರಗಿನ ಬಿಸಿ 25 ಡಿಗ್ರಿ ಇರುವಾಗ 80 ನಾಟ್ ಹಿಡಿದು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮಕ್ಕೆ ಎರಡೆರಡು ನಿಮಿಷ ಹಾರಿ ಜಿಪಿಎಸ್ ವೇಗ ಬರೆದುಕೊಳ್ಳಿ. ಎತ್ತರದ ತೆಳು ಗಾಳಿಯಲ್ಲಿ ನಿಜ ವೇಗ ಗೇಜಿನದಕ್ಕಿಂತ ಹೆಚ್ಚಿರುವುದರಿಂದ, ಗಾಳಿ ಮೆಲ್ಲಗೆ ಬೀಸುವ ದಿನ ನಾಲ್ಕರ ಸರಾಸರಿ 88ರ ಆಸುಪಾಸು ಬರಬೇಕು. 83 ಬಂದರೆ ಅಥವಾ 94 ಬಂದರೆ ಸ್ಟ್ಯಾಟಿಕ್ ರಂಧ್ರದ ಜಾಗವನ್ನೇ ಅನುಮಾನಿಸಿ.

ಭೂಪಟದಿಂದ ಹೊರಗಿನ ನೋಟ ಬಿಡಿಸುವ ಸಿಂಥೆಟಿಕ್ ವಿಷನ್ನಿನಲ್ಲಿ ಸಹ್ಯಾದ್ರಿಯ ಬೆಟ್ಟಗಳು ಚೆನ್ನಾಗಿ ಕಾಣುತ್ತವೆ. ಅದಕ್ಕೆ ಈ ಭಾಗದ ಭೂಪಟ ತುಂಬಿರಬೇಕು, ಅಮೆರಿಕದ ಭೂಪಟದೊಂದಿಗೆ ಬಂದ ಪರದೆಯಲ್ಲಿ ಲೋಣಾವಳ ಘಾಟಿಯೂ ಬಯಲು. ತುಂಬಿದ ಮೇಲೂ ಅದು ಚಿತ್ರ ಮಾತ್ರ. ಮೋಡ ಹೊಕ್ಕು ಘಾಟಿ ದಾಟಲು ಅದು ಪರವಾನಗಿಯಲ್ಲ.

ಪ್ರತಿ ಹಾರಾಟದ ನಂತರ ಪರದೆಯ ದಾಖಲೆಯನ್ನು ಪೆನ್‌ಡ್ರೈವಿಗೆ ಇಳಿಸಿ ಮೊದಲ ದಿನದ ನೋಟ್‌ಬುಕ್ಕಿನ ಅಂಕಿಗಳ ಪಕ್ಕ ಇಡಿ. ಒಂದೇ ಆರ್‌ಪಿಎಂಗೆ ಆಯಿಲ್ ಪ್ರೆಷರ್ ಅರ್ಧ ಬಾರ್‌ಗಿಂತ ಹೆಚ್ಚು ತಪ್ಪಿದರೆ ಎಂಜಿನ್ ಬಿಚ್ಚುವ ಮೊದಲು ಸೆಂಡರ್ ಮತ್ತು ಅರ್ಥ್ ನೋಡಿ. ಕಿತ್ತ ಗೇಜುಗಳ ಬಾಯಿಗೆ ಮುಚ್ಚಳ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಕನಿಷ್ಠ 25 ಗಂಟೆ ಹಾರುವವರೆಗೆ ಅವನ್ನು ಮಾರಬೇಡಿ.